ತಾತನ ಮರಣ ದಾಖಲೆ ಸಿಕ್ಕಿದ್ದು ಹೇಗೆ: ನನ್ನ ಅನುಭವ

ತಾತನ ಮರಣ ಪ್ರಮಾಣ ಪತ್ರ ಕೊನೆಗೂ ಕೈಗೆ ಬಂತು. 1974ರ ಸಾವು. ಹಳೇ ರಿಜಿಸ್ಟರ್‌ನಿಂದಲೇ ತೆಗೆದ ನಕಲು. ಕೋರ್ಟ್ ಮೆಟ್ಟಿಲು ಹತ್ತಿಲ್ಲ, ಎಸಿ (ಉಪವಿಭಾಗಾಧಿಕಾರಿ) ಆಫೀಸಿನ ಆದೇಶ ಬೇಕಾಗಲಿಲ್ಲ. "ಐವತ್ತು ವರ್ಷದ್ದು ಎಲ್ಲಿ ಸಿಗುತ್ತೆ, ಸುಮ್ನೆ ಓಡಾಡ್ಬೇಡ" ಅಂದವರು ನಮ್ಮ ಮನೆಯಲ್ಲೇ ನಾಲ್ಕೈದು ಜನ. ಪತ್ರ ಕೈಗೆ ಬಂದ ದಿನ ಅವರಿಗೆಲ್ಲ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಆಮೇಲೆ ಮೂರು ಕುಟುಂಬದವರು ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರ ಕೆಲಸ ಆಗಿದೆ. ಉಳಿದವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಇದು ಬೇಕಾಗಿದ್ದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದಕ್ಕೆ. ನಮ್ಮದು ಹಾಸನ ಕಡೆಯ ಹಳ್ಳಿ. ಎರಡು ಎಕರೆ ಚಿಲ್ಲರೆ ಗದ್ದೆ, ಪಹಣಿಯಲ್ಲಿ (ಜಮೀನಿನ ದಾಖಲೆಯಲ್ಲಿ) ಇನ್ನೂ ತಾತನ ಹೆಸರೇ ಇತ್ತು. ಅಪ್ಪನ ಮರಣ ಪತ್ರ ಮೊದಲೇ ತೆಗೆದಿಟ್ಟಿದ್ದೆವು. ತಾತನದು ಮಾತ್ರ ಇರಲಿಲ್ಲ. ಕೊಂಡಿ ಅಲ್ಲೇ ಕಡಿದಿತ್ತು.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ತಾಲ್ಲೂಕು ಆಫೀಸಿನ ಎದುರು ಕೂರುವ ಒಬ್ಬರಿಗೆ ಸುಮಾರು 6,000 ಕೊಟ್ಟೆ. ಎರಡು ತಿಂಗಳು "ನಾಳೆ ಬನ್ನಿ" ಅಂದರು. ಆಮೇಲೆ ಒಂದು ಹಿಂಬರಹ (ಹೆಸರು ಸಿಗಲಿಲ್ಲ ಅಂತ ಕಚೇರಿ ಬರೆದುಕೊಟ್ಟ ಉತ್ತರ) ತಂದುಕೊಟ್ಟು ಕೈ ತೊಳೆದುಕೊಂಡರು. ಬೆಂಗಳೂರಿನಿಂದ ಏಳೆಂಟು ಸಲ ಹೋಗಿ ಬಂದ ಖರ್ಚು ಬೇರೆ. ಆಮೇಲೆ ವಕೀಲರೊಬ್ಬರನ್ನು ನೋಡಿದೆ. ಹಿಂಬರಹ ಇದೆಯಲ್ಲ, ತಡವಾದ ನೋಂದಣಿಗೆ ಅರ್ಜಿ ಹಾಕೋಣ, ಪೇಪರ್ ಪ್ರಕಟಣೆ ಎಲ್ಲ ಸೇರಿ 18,000 ಆಗುತ್ತದೆ ಅಂದರು. ಆ ದಾರಿ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ವರ್ಷ ಮೀರಿದ ನೋಂದಣಿಗೆ ಮುಂಚೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟದಲ್ಲೇ ಆದೇಶ ಆಗುತ್ತದೆ. ಬೇರೆ ದಾರಿಯೇ ಇಲ್ಲದವರು ಅಲ್ಲಿಗೇ ಹೋಗಬೇಕು.

ನನಗೆ ಅದು ಬೇಡವಾಗಿತ್ತು. ಆ ಪತ್ರದಲ್ಲಿ ನೋಂದಣಿ ದಿನಾಂಕ ಅಂತ ಈ ವರ್ಷದ್ದು ಬರುತ್ತದೆ. ನಮ್ಮ ದಾಯಾದಿಗಳಲ್ಲಿ ಒಬ್ಬರು ತಕರಾರು ಮಾಡುತ್ತಾರೆ ಅಂತ ಗೊತ್ತಿತ್ತು. "1974ರ ಸಾವು ಈಗ ಹೇಗೆ ನೋಂದಣಿ ಆಯ್ತು?" ಅಂತ ಅವರು ಕೇಳುವ ಮೊದಲ ಪ್ರಶ್ನೆಗೇ ಉತ್ತರ ಹುಡುಕಬೇಕಾಗುತ್ತಿತ್ತು. ಅಂದಿನ ರಿಜಿಸ್ಟರ್‌ನಲ್ಲಿ ಅಂದೇ ಬರೆದ ಸಾಲು ಸಿಕ್ಕರೆ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ಒಂದು ರಾತ್ರಿ ಆ ಹಿಂಬರಹವನ್ನೇ ಹಿಡಿದುಕೊಂಡು ಕೂತೆ. "1974ನೇ ಸಾಲಿನ ಸೆಪ್ಟೆಂಬರ್ ಮಾಹೆಯ ದಾಖಲೆಗಳನ್ನು ಪರಿಶೀಲಿಸಲಾಗಿ, ಸದರಿ ಹೆಸರು ಕಂಡುಬಂದಿರುವುದಿಲ್ಲ" ಅಂತ ಇತ್ತು. ಎಂಟು ತಿಂಗಳಿಂದ ಅದನ್ನು ಓದಿದ್ದೆ, ಆದರೆ ಅರ್ಥ ಮಾಡಿಕೊಂಡಿರಲಿಲ್ಲ. ಅವರು ನೋಡಿದ್ದು ಬರೀ ಸೆಪ್ಟೆಂಬರ್. ಯಾಕೆ ಅಂದರೆ ಅರ್ಜಿಯಲ್ಲಿ ನಾವು ಬರೆದಿದ್ದೇ ಸೆಪ್ಟೆಂಬರ್ ಅಂತ. ಗುಮಾಸ್ತೆಯ ತಪ್ಪು ಇದರಲ್ಲಿ ಏನೂ ಇಲ್ಲ. ನಾವು ಕೇಳಿದ ತಿಂಗಳಲ್ಲಿ ಇಲ್ಲ ಅಂತ ಬರೆದುಕೊಟ್ಟಿದ್ದಾರೆ ಅಷ್ಟೇ. ರಿಜಿಸ್ಟರ್‌ನಲ್ಲೇ ಇಲ್ಲ ಅಂತ ಎಲ್ಲೂ ಬರೆದಿಲ್ಲ.

ಹಾಗಾದರೆ ಸೆಪ್ಟೆಂಬರ್ ಅಂತ ನಮಗೆ ಹೇಳಿದ್ದು ಯಾರು? ತಿಥಿ. ನಮ್ಮ ಮನೆಯಲ್ಲಿ ತಾತನ ಶ್ರಾದ್ಧ ಭಾದ್ರಪದ ಶುದ್ಧ ದಶಮಿಗೆ. ಸಂವತ್ಸರ ಆನಂದ ಅಂತ ಅಪ್ಪನ ಹಳೇ ಡೈರಿಯಲ್ಲಿತ್ತು. ಆನಂದ ಅಂದರೆ 1974–75. ಚೌತಿ ಆದ ಆರನೇ ದಿನ ದಶಮಿ ಅಂತ ಎಣಿಸಿ, ಸೆಪ್ಟೆಂಬರ್ ಕೊನೆ ಅಂತ ಬರೆದುಬಿಟ್ಟಿದ್ದೆವು.

ಬೀಗ ತೆಗೆದಿದ್ದು ನಮ್ಮ ಸೋದರತ್ತೆ. ಅವರಿಗೆ ಈಗ ಎಪ್ಪತ್ತೆಂಟು. ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ವಂಶವೃಕ್ಷದ ಸಹಿಗೆ ಅಂತ ಹೋಗಿದ್ದೆ. ಕಾಫಿ ಕುಡಿಯುತ್ತಾ ಕೇಳಿದೆ, "ಅತ್ತೆ, ತಾತ ಹೋದಾಗ ನೀವೆಲ್ಲಿದ್ರಿ?"

"ಗಂಡನ ಮನೇಲಿದ್ದೆ ಕಣೋ. ಮದುವೆಯಾಗಿ ಎರಡನೇ ವರ್ಷ. ಆ ವರ್ಷ ನನಗೆ ಮೊರದ ಬಾಗಿನವೇ ಬರಲಿಲ್ಲ. ಓರಗಿತ್ತಿಯರಿಗೆಲ್ಲ ತವರಿಂದ ಬಂತು. ನಾನೊಬ್ಬಳೇ ಅಡುಗೆಮನೇಲಿ ಕೂತು ಅತ್ತಿದ್ದೆ. ನಮ್ಮಪ್ಪ ಹೋಗಿ ಇನ್ನೂ ತಿಂಗಳಾಗಿರಲಿಲ್ಲ."

ನಾನು ಲೋಟ ಕೆಳಗಿಟ್ಟೆ. ಗೌರಿ ಹಬ್ಬ ಭಾದ್ರಪದ ತದಿಗೆ. ತಾತ ಹೋಗಿದ್ದು ದಶಮಿ. ತದಿಗೆಗೆ ಬಾಗಿನ ಬರಲಿಲ್ಲ ಅಂದರೆ ಅಷ್ಟರಲ್ಲೇ ತಾತ ಹೋಗಿರಬೇಕು. ಅದೇ ತಿಂಗಳ ದಶಮಿ ತದಿಗೆಗಿಂತ ಮುಂಚೆ ಹೇಗೆ ಬರುತ್ತದೆ? ಅತ್ತೆ ಮರೆತಿದ್ದಾರೆ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ತವರಿನ ಬಾಗಿನ ಬರದ ವರ್ಷವನ್ನು ಯಾವ ಹೆಣ್ಣುಮಗಳೂ ಮರೆಯುವುದಿಲ್ಲ, ಅಲ್ವಾ?

ಉತ್ತರ ಸಿಕ್ಕಿದ್ದು ಊರಿನ ಪುರೋಹಿತರ ಅಟ್ಟದ ಮೇಲೆ. ಹಳೇ ಒಂಟಿಕೊಪ್ಪಲ್ ಪಂಚಾಂಗಗಳನ್ನು ಅವರ ತಂದೆ ದಾರ ಹಾಕಿ ಕಟ್ಟಿಟ್ಟಿದ್ದರು. ಆನಂದ ಸಂವತ್ಸರದ್ದು ತೆಗೆದೆವು. ಅಂಚೆಲ್ಲ ಹುಳ ತಿಂದಿತ್ತು, ಒಳಗೆ ಚೆನ್ನಾಗಿತ್ತು. ಆ ವರ್ಷ ಭಾದ್ರಪದ ಎರಡು! ಹೆಚ್ಚುವರಿಯಾಗಿ ಬರುವ ಅಧಿಕ ಭಾದ್ರಪದ ಆಗಸ್ಟ್ 18ರ ಸುಮಾರಿಗೆ ಶುರುವಾಗಿ ಸೆಪ್ಟೆಂಬರ್ ಮಧ್ಯದವರೆಗೆ. ಆಮೇಲೆ ನಿಜ, ಅಂದರೆ ಮಾಮೂಲಿ ಭಾದ್ರಪದ. ಗೌರಿ ಹಬ್ಬ ಬಂದಿದ್ದು ಇದರಲ್ಲಿ. ತಾತ ಹೋಗಿದ್ದು ಅಧಿಕದ ದಶಮಿಗೆ. ಅಧಿಕ ಮಾಸದಲ್ಲಿ ಹೋದವರಿಗೆ ಮುಂದಿನ ವರ್ಷಗಳಲ್ಲಿ ಅದೇ ಹೆಸರಿನ ಮಾಮೂಲಿ ತಿಂಗಳಲ್ಲೇ ಶ್ರಾದ್ಧ ಮಾಡುತ್ತಾರೆ. ಹಾಗಾಗಿ ಐವತ್ತು ವರ್ಷದಲ್ಲಿ ಆ "ಅಧಿಕ" ಅನ್ನೋ ಪದವೇ ನಮ್ಮ ಮನೆಯ ಮಾತಿನಿಂದ ಬಿದ್ದುಹೋಗಿತ್ತು. ನಾವು ಸರಿಯಾಗಿ ಒಂದು ತಿಂಗಳು ಮುಂದೆ ಹುಡುಕುತ್ತಿದ್ದೆವು.

ಹೊಸ ಅರ್ಜಿಯಲ್ಲಿ ಒಂದೇ ದಿನಾಂಕ ಬರೆಯಲಿಲ್ಲ. ಆಗಸ್ಟ್ 15ರಿಂದ ಅಕ್ಟೋಬರ್ ಕೊನೆವರೆಗೆ ಅಂತ ಬರೆದೆ. ಸಾವು ಆದ ದಿನಕ್ಕೂ ಬರೆಸಿದ ದಿನಕ್ಕೂ ಅಂತರ ಇರುತ್ತದೆ. ಕ್ರಮ ಸಂಖ್ಯೆ ಹೋಗುವುದು ಬರೆಸಿದ ದಿನದ ಪ್ರಕಾರ. ಇನ್ನೊಂದು ವಿಷಯ, ಸತ್ತ ಜಾಗ ಯಾವ ವ್ಯಾಪ್ತಿಯೋ ಅಲ್ಲೇ ನೋಂದಣಿ. ವಾಸದ ಊರಲ್ಲ. ಆಸ್ಪತ್ರೆಯಲ್ಲಿ ಹೋದವರನ್ನು ಹಳ್ಳಿಯ ದಾಖಲೆಗಳ ಕಟ್ಟಿನಲ್ಲಿ ಹುಡುಕಿ ಸುಸ್ತಾದವರನ್ನು ಬಹಳ ನೋಡಿದ್ದೇನೆ. ಅರ್ಜಿಯ ಜೊತೆ ಕಾನೂನಿನ 17ನೇ ಕಲಂ ಅನ್ನೂ ನಮೂದಿಸಿದೆ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಹುಡುಕಿಸಿ ನಕಲು ಪಡೆಯುವ ಹಕ್ಕು ಇರುವುದು ಆ ಕಲಮಿನಲ್ಲಿ. ಅದನ್ನು ಬರೆದ ಅರ್ಜಿಯನ್ನು ಬೇರೆ ಥರ ನೋಡುತ್ತಾರೆ. ಮಾಹಿತಿ ಹಕ್ಕಿನಲ್ಲಿ ದಾಖಲೆ ಪರಿಶೀಲನೆಗೂ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಇನ್ನೊಂದು ಅರ್ಜಿ ಹಾಕಿದ್ದೆ. ಅದರ ಅಗತ್ಯ ಬರಲಿಲ್ಲ.

ರೆಕಾರ್ಡ್ ರೂಮಿಗೆ ವಾರದ ಯಾವ ದಿನ, ಎಷ್ಟು ಹೊತ್ತಿಗೆ ಹೋದರೆ ಕೆಲಸ ಆಗುತ್ತದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದೇ ದಿನ ಹೋದರೆ ಆ ದಾರಿಯೂ ಮುಚ್ಚುತ್ತದೆ.

ನಮ್ಮ ಹೋಬಳಿಯದು ತಿಂಗಳಿಗೊಂದು ಕಟ್ಟು. ಕೆಂಪು ಬಟ್ಟೆ, ಮೇಲೆ ಇಂಕಿನಲ್ಲಿ ವರ್ಷ. ಆಗಸ್ಟ್ ಕಟ್ಟು ಬಿಚ್ಚಿದಾಗ ಧೂಳಿಗೆ ಕೇಸ್ ವರ್ಕರ್ ಮೇಡಂ ಸೆರಗು ಮೂಗಿಗೆ ಹಿಡಿದರು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್‌ನಲ್ಲಿ. ಈ ಫಾರಂ ಮೇಲೆ ಇನ್ನೂ ಮೈಸೂರು ಸರ್ಕಾರ ಅಂತಲೇ ಅಚ್ಚಾಗಿತ್ತು. ನಾಲ್ಕನೇ ಹಾಳೆಯಲ್ಲಿ ಸಿಕ್ಕರು ತಾತ. ನೀಲಿ ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ಗಂಡು, ವಯಸ್ಸು 61, ಕಸುಬು ವ್ಯವಸಾಯ. ಮಾಹಿತಿ ಕೊಟ್ಟವರ ಕಡೆ ಊರಿನ ತಳವಾರರ ಹೆಬ್ಬೆಟ್ಟು. ಬರೆಸಿದ್ದು ಆಗಸ್ಟ್ 30ಕ್ಕೆ. ಮೇಡಂ "ಇವರೇನಾ?" ಅಂದರು. ನನಗೆ ತಕ್ಷಣ ಮಾತು ಹೊರಡಲಿಲ್ಲ.

ಇನ್ನೊಂದು ತೊಡಕಿತ್ತು. ಪಹಣಿಯಲ್ಲಿ ತಾತನ ಪೂರ್ತಿ ಹೆಸರು, ಇಲ್ಲಿ ಊರವರು ಕರೆಯುತ್ತಿದ್ದ ಹೆಸರು. ತಂದೆಯ ಹೆಸರು ಮಾತ್ರ ಎರಡೂ ಕಡೆ ಒಂದೇ. ಎಲ್ಲರೂ "ತಿದ್ದುಪಡಿಗೆ ಹಾಕಿ" ಅಂದರು. ನಾನು ಹಾಕಲಿಲ್ಲ. ಹಳೇ ಸಾಲನ್ನು ಮುಟ್ಟಿದರೆ ಅದರ ಬೆಲೆಯೇ ಹೋಗುತ್ತದೆ, ಇನ್ನೊಂದು ವರ್ಷ ಕಡತ ಓಡಾಡುತ್ತದೆ. ಇದ್ದ ಹಾಗೇ ನಕಲು ತೆಗೆದುಕೊಂಡೆ. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದೆ. ಗ್ರಾಮ ಆಡಳಿತಾಧಿಕಾರಿಯವರಿಂದ ಊರಿನ ಐದು ಹಿರಿಯರ ಮಹಜರು ಬರೆಸಿದೆ. ಅದು ಸಾಕಾಯಿತು.

ಈ ಎರಡನೇ ಸುತ್ತಿನ ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಹುಡುಕಾಟ ಮತ್ತು ನಕಲಿನ ಶುಲ್ಕ ನೂರು ರೂಪಾಯಿ ಒಳಗೆ. ಸ್ಟಾಂಪ್ ಪೇಪರ್, ನೋಟರಿ ಸೇರಿ 400 ಇರಬಹುದು. ಬಸ್ಸು, ಊಟ, ಜೆರಾಕ್ಸ್ ಎಲ್ಲ ಸೇರಿ ಒಟ್ಟು 1,500 ದಾಟಿಲ್ಲ. 18,000ದ ಮುಂದೆ ಇದು ಏನೂ ಅಲ್ಲ. ಪೌತಿ ಖಾತೆಯೂ ಆಯಿತು. ತಕರಾರು ಮಾಡಬೇಕಿದ್ದ ದಾಯಾದಿ ನಕಲಿನ ಮೇಲಿನ ದಿನಾಂಕ ನೋಡಿ ಸುಮ್ಮನಾದರು. ಪಹಣಿಯಲ್ಲಿ ಅತ್ತೆಯ ಹೆಸರೂ ಬಂದಿದೆ. ಅದು ಅವರ ಹಕ್ಕು, ಬಿಡಿಸಿಕೊಳ್ಳುವ ಮಾತು ನಾವು ಎತ್ತಲೇ ಇಲ್ಲ.

ಇದೇ ಹುರುಪಿನಲ್ಲಿ ಬೇರೆ ಕೆಲಸಗಳಿಗೂ ಕೈ ಹಾಕಿದೆ. ಅಮ್ಮನ ಜನನ ದಾಖಲೆ ಹುಡುಕಿದೆ, 1950ರ ಆಸುಪಾಸಿನದು. ಸಾಲು ಸಿಕ್ಕಿತು, ಆದರೆ "ಹೆಣ್ಣು" ಅಂತ ಮಾತ್ರ ಇತ್ತು, ಹೆಸರಿಲ್ಲ. ಆಗ ನಾಮಕರಣಕ್ಕೆ ಮುಂಚೆಯೇ ಬರೆಸಿಬಿಡುತ್ತಿದ್ದರು. ಅಮ್ಮನಿಗೆ ನಾಲ್ಕು ಜನ ಅಕ್ಕತಂಗಿಯರು, ಇದು ಯಾರದು ಅಂತ ಖಚಿತ ಮಾಡಲು ಆಗಲಿಲ್ಲ. ಅಲ್ಲಿಗೇ ಬಿಟ್ಟೆ. ಅಪ್ಪ ಅಮ್ಮನ ಮದುವೆ ನೋಂದಣಿ ಇರಲಿಲ್ಲ ಅನ್ನೋ ಗೆಳೆಯನಿಗೆ ಲಗ್ನಪತ್ರಿಕೆಯ ತಿಥಿಯಿಂದ ದಿನಾಂಕ ತೆಗೆದುಕೊಟ್ಟೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂರು ಸಾಕ್ಷಿ ನಿಲ್ಲಿಸಿ ಒಂದೇ ದಿನದಲ್ಲಿ ಮುಗಿಸಿದರು. ಇನ್ನೊಬ್ಬರಿಗೆ ವಿಚ್ಛೇದನದ ಡಿಕ್ರಿ ನಕಲು ಬೇಕಿತ್ತು, ಹದಿನೈದು ವರ್ಷ ಹಳೆಯದು. ಅಲ್ಲಿ ತಿಥಿ ನಡೆಯಲ್ಲ, ಕೇಸ್ ನಂಬರ್ ಬೇಕು. ಜೀವನಾಂಶದ ಹಳೇ ರಸೀದಿಯ ಹಿಂದೆ ಆ ನಂಬರ್ ಬರೆದಿಟ್ಟಿದ್ದರು. ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಮೂರು ವಾರಕ್ಕೆ ದೃಢೀಕೃತ ನಕಲು ಸಿಕ್ಕಿತು.

ಮನೆಯ ತಿಥಿ ಹಿಡಿದು ಹುಡುಕುವವರು 1966ರ ಶ್ರಾವಣ, 1972ರ ವೈಶಾಖ, 1974ರ ಭಾದ್ರಪದ ಇದ್ದರೆ ಎರಡೂ ತಿಂಗಳು ನೋಡಿಸಿ. ಅಧಿಕ ಬಂದ ವರ್ಷಗಳು ಇವು. ಬೇರೆ ವರ್ಷಗಳಿಗೆ ಆಯಾ ಪಂಚಾಂಗವನ್ನೇ ತೆಗೆಯಬೇಕು. ಜೊತೆಗೆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಆ ವರ್ಷ ಯಾವ ಹಬ್ಬ ನಿಂತಿತು, ಯಾರ ಬಾಣಂತನಕ್ಕೆ ಅಡ್ಡಿಯಾಯಿತು ಅನ್ನೋದು ಗಂಡಸರಿಗಿಂತ ಅವರಿಗೇ ಜಾಸ್ತಿ ನೆನಪಿರುತ್ತದೆ.

ಈಗ ಚಿಕ್ಕಪ್ಪನ ಮಾವನವರ ದಾಖಲೆ ಹಿಡಿದಿದ್ದೇನೆ. ವಿಳಂಬಿ ಸಂವತ್ಸರ, ಅಂದರೆ 1958. ಆ ವರ್ಷ ಶ್ರಾವಣ ಅಧಿಕ, ಇವರ ತಿಥಿ ಕಾರ್ತಿಕದಲ್ಲಿ. ಆದ್ದರಿಂದ ತಿಂಗಳ ಗೊಂದಲ ಇಲ್ಲ. ಕಟ್ಟು ಮಾತ್ರ ಮಳೆನೀರಿಗೆ ಸಿಕ್ಕಿ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೇಡಂ ಬಿಸಿಲಿಗೆ ಹಾಕಿಸಿ ಬಿಡಿಸೋಣ ಅಂದಿದ್ದಾರೆ, ಮುಂದಿನ ವಾರ ಬರಲು ಹೇಳಿದ್ದಾರೆ.