ಐಇಪಿಗೆ ಸಹಿ ಆಯಿತು, ಥೆರಪಿ ಮಾತ್ರ ಸಿಗುತ್ತಿಲ್ಲ: ಅಮೆರಿಕಕ್ಕೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ

ಸಭೆಯಲ್ಲಿ ಆರೇಳು ಜನ ಕೂತು, ಮಗುವಿನ ಬಗ್ಗೆ ಒಳ್ಳೊಳ್ಳೆಯ ಮಾತಾಡಿ, ದಪ್ಪನೆಯ ಐಇಪಿ (ವಿಶೇಷ ಅಗತ್ಯವಿರುವ ಮಗುವಿಗೆ ಶಾಲೆ ಕೊಡುವ ಸೇವೆಗಳ ಲಿಖಿತ ಯೋಜನೆ) ಕಾಗದಕ್ಕೆ ಸಹಿ ಹಾಕಿಸಿಕೊಂಡು ಕಳಿಸಿರುತ್ತಾರೆ. ಅಕ್ಟೋಬರ್ ಕಳೆದು ನವೆಂಬರ್ ಬಂದರೂ ಸ್ಪೀಚ್ ಥೆರಪಿಸ್ಟ್ ಮಗುವಿನ ಮುಖವನ್ನೇ ನೋಡಿಲ್ಲ ಎಂಬುದು ಇನ್ಯಾರದೋ ಬಾಯಿಂದ ಗೊತ್ತಾಗುತ್ತದೆ. ಆಗ ನಮ್ಮ ಕಡೆಯವರು ಮಾಡುವ ಮೊದಲ ತಪ್ಪು ಸುಮ್ಮನಿದ್ದುಬಿಡುವುದು. ಮೇಷ್ಟ್ರ ಹತ್ತಿರ ಲೆಕ್ಕ ಕೇಳಲು ನಮಗೆ ನಾಲಿಗೆ ಏಳುವುದಿಲ್ಲ. ಜೊತೆಗೆ ವೀಸಾದ ಅಳುಕು.

ವೀಸಾದ ಅಳುಕಿಗೆ ಇಲ್ಲಿ ಆಧಾರವಿಲ್ಲ. ವಲಸೆಯ ಸ್ಥಿತಿ ನೋಡಿ ಸರ್ಕಾರಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ಹೇಳಿದೆ. 1975ರಲ್ಲಿ ಬಂದು ಈಗ ಐಡಿಇಎ ಎಂದು ಕರೆಸಿಕೊಳ್ಳುವ ವಿಶೇಷ ಶಿಕ್ಷಣದ ಕಾಯ್ದೆ ಅವಲಂಬಿತರ ಎಚ್-4 ವೀಸಾದ ಮಗುವಿಗೂ ಪೌರನ ಮಗುವಿಗೂ ಭೇದ ಮಾಡುವುದಿಲ್ಲ. ಹಕ್ಕು ಕೇಳಿದ್ದಕ್ಕೆ ಶಾಲೆ ಸೇಡು ತೀರಿಸಿಕೊಂಡರೆ ಅದೇ ಬೇರೊಂದು ದೂರಿಗೆ ದಾರಿ.

ನಿಮ್ಮ ತಕರಾರು ಯಾವ ಜಾತಿಯದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ಐಇಪಿಯಲ್ಲಿ ಬರೆದದ್ದನ್ನು ಕೊಡುತ್ತಿಲ್ಲ ಎನ್ನುವುದು ಒಂದು. ಬರೆದದ್ದೇ ಸಾಲದು ಎನ್ನುವುದು ಇನ್ನೊಂದು. ಎರಡಕ್ಕೂ ತಟ್ಟಬೇಕಾದ ಬಾಗಿಲು ಬೇರೆ. ಇದನ್ನು ಕಲಸಿಕೊಂಡು ನೇರ ವಕೀಲರ ಬಳಿ ಓಡಿ ಸಾವಿರಾರು ಡಾಲರ್ ಸುರಿಯುವವರಿದ್ದಾರೆ. ಮೊದಲನೆಯ ಜಾತಿಗೆ ಬಹುತೇಕ ಸಲ ವಕೀಲರೇ ಬೇಕಾಗುವುದಿಲ್ಲ.

ಐಇಪಿ ತೆಗೆದು ಸೇವೆಗಳ ಪಟ್ಟಿಯ ಪುಟ ನೋಡಿ. "ಸ್ಪೀಚ್, 30 ನಿಮಿಷ, ವಾರಕ್ಕೆ 2 ಸಲ, ಗುಂಪಿನಲ್ಲಿ" ಎಂದಿದ್ದರೆ ನಿಮ್ಮ ಕೈಯಲ್ಲಿ ಅಳತೆಗೋಲಿದೆ. ಒಂಬತ್ತು ವಾರ ಥೆರಪಿಸ್ಟ್ ಇರಲಿಲ್ಲವೆಂದರೆ 18 ಸೆಷನ್, ಅಂದರೆ 540 ನಿಮಿಷ ಬಾಕಿ. ಅದೇ "ಅಗತ್ಯಕ್ಕೆ ತಕ್ಕಂತೆ" ಎಂದೋ "ತಿಂಗಳಿಗೆ 120 ನಿಮಿಷದವರೆಗೆ" ಎಂದೋ ಬರೆದಿದ್ದರೆ ಏನೂ ಕೊಡದೆಯೂ ಶಾಲೆ ನುಣುಚಿಕೊಳ್ಳಬಹುದು. ಹೀಗಾಗಿ ಸಹಿ ಮಾಡುವ ಮುಂಚೆಯೇ ಎಷ್ಟು ನಿಮಿಷ, ವಾರಕ್ಕೆ ಎಷ್ಟು ಸಲ, ಒಬ್ಬನಿಗೋ ಗುಂಪಿಗೋ, ಎಲ್ಲಿ, ಯಾವ ದಿನದಿಂದ ಎಂಬುದನ್ನು ಬರೆಸಿಕೊಳ್ಳಿ. ಹಾಜರಿಗೆ ಹಾಕುವ ಸಹಿ ಬೇರೆ, ಒಪ್ಪಿಗೆಯ ಸಹಿ ಬೇರೆ. ಯಾವ ಗೆರೆಯ ಮೇಲೆ ಪೆನ್ನು ಇಡುತ್ತಿದ್ದೀರಿ ಎಂದು ಓದಿ ನೋಡಿ. ಕಾಗದ ಮನೆಗೆ ಒಯ್ದು ಓದಿ ಸಹಿ ಮಾಡುತ್ತೇನೆ ಎಂದರೆ ಯಾರೂ ತಡೆಯುವಂತಿಲ್ಲ.

ಇಂಗ್ಲಿಷ್ ಸರಾಗವಿಲ್ಲದಿದ್ದರೆ ದುಭಾಷಿಯನ್ನು ಕೇಳಿ. ಸಭೆಯಲ್ಲಿ ನಡೆಯುವುದು ತಂದೆ-ತಾಯಿಗೆ ಅರ್ಥವಾಗುವಂತೆ ನೋಡಿಕೊಳ್ಳುವುದು ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನ ಹೊಣೆ, ಖರ್ಚೂ ಅವರದೇ. ಭಾರತದವರು ಎಂದ ಕೂಡಲೇ ಹಿಂದಿ ದುಭಾಷಿಯನ್ನು ಫೋನಿನಲ್ಲಿ ಹಿಡಿದುಕೊಡುವುದುಂಟು. "ಕನ್ನಡ" ಎಂದು ಮೊದಲೇ ಇಮೇಲ್‌ನಲ್ಲಿ ಬರೆದು ತಿಳಿಸಿ, ಸಾಧ್ಯವಾದರೆ ಎರಡು ವಾರ ಮುಂಚೆ.

ಇನ್ನು ಲೆಕ್ಕ ತೆಗೆಸುವ ಕೆಲಸ. ಮಗುವಿನ ಐಇಪಿ ನೋಡಿಕೊಳ್ಳುವ ಕೇಸ್ ಮ್ಯಾನೇಜರ್‌ಗೆ ಒಂದು ಇಮೇಲ್, ಡಿಸ್ಟ್ರಿಕ್ಟ್‌ನ ವಿಶೇಷ ಶಿಕ್ಷಣ ನಿರ್ದೇಶಕರಿಗೆ ಅದರ ಪ್ರತಿ. ವಿಷಯ ಇಷ್ಟೇ ಇರಲಿ: "ಐಇಪಿಯ ಪ್ರಕಾರ ವಾರಕ್ಕೆ 60 ನಿಮಿಷ ಸ್ಪೀಚ್ ಇದೆ. ಆಗಸ್ಟ್‌ನಿಂದ ಇಂದಿನವರೆಗೆ ಯಾವ ದಿನ, ಯಾರು, ಎಷ್ಟು ನಿಮಿಷ ಕೊಟ್ಟರು ಎಂಬ ಸರ್ವಿಸ್ ಲಾಗ್ ಮತ್ತು ಪ್ರಗತಿ ವರದಿಗಳನ್ನು ಕಳಿಸಿ. ತಪ್ಪಿಹೋದ ಸೆಷನ್‌ಗಳನ್ನು ಹೇಗೆ ತುಂಬಿಕೊಡುತ್ತೀರಿ ಎಂದು ಬರೆದು ತಿಳಿಸಿ." ಬೈಗುಳ ಬೇಡ, ಕಣ್ಣೀರೂ ಬೇಡ. ಈ ಇಮೇಲನ್ನು ಮುಂದೆ ಮೂರನೆಯವರೊಬ್ಬರು ಓದುತ್ತಾರೆ ಎಂದುಕೊಂಡೇ ಬರೆಯಿರಿ. ದಾಖಲೆ ತೋರಿಸಲು ಫೆಡರಲ್ ಕಾನೂನು ಹೆಚ್ಚೆಂದರೆ 45 ದಿನ ಕೊಡುತ್ತದೆ, ಐಇಪಿ ಸಭೆ ಇದ್ದರೆ ಅದಕ್ಕಿಂತ ಮುಂಚೆ ತೋರಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಬರೀ 5 ಕೆಲಸದ ದಿನ.

ಕಾರಿಡಾರಿನಲ್ಲಿ, ಪಿಕಪ್ ಸಾಲಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. "ಇಂದು ತಾವು ಹೀಗೆ ಹೇಳಿದಿರಿ, ತಪ್ಪಿದ್ದರೆ ತಿದ್ದಿ" ಎಂದು ಅದೇ ಸಂಜೆ ಬರೆದು ಕಳಿಸಿದರೆ ಅದು ಪುರಾವೆ. ನೀವು ಕೇಳಿದ್ದನ್ನು ಶಾಲೆ ಸಭೆಯಲ್ಲಿ ನಿರಾಕರಿಸಿದರೆ "ಪ್ರಯರ್ ರಿಟನ್ ನೋಟಿಸ್ ಕೊಡಿ" ಎನ್ನಿ. ಏನನ್ನು, ಯಾಕೆ, ಯಾವ ಮಾಹಿತಿ ನೋಡಿ ನಿರಾಕರಿಸಿದರು ಎಂದು ಅವರು ಲಿಖಿತವಾಗಿ ಕೊಡಲೇಬೇಕು. ಈ ಮೂರು ಪದ ಬಾಯಿಗೆ ಬಂದರೆ ಸಾಕು, ಎಷ್ಟೋ "ಆಗುವುದಿಲ್ಲ"ಗಳು ಅಲ್ಲೇ ಮೆತ್ತಗಾಗುತ್ತವೆ.

"ಸಿಬ್ಬಂದಿ ಇಲ್ಲ" ಎಂಬ ಉತ್ತರ ಬಂದೇ ಬರುತ್ತದೆ. ಕಷ್ಟ ನಿಜ ಇರಬಹುದು, ಆದರೆ ಕಾನೂನಿನಲ್ಲಿ ಅದು ನೆಪವಾಗುವುದಿಲ್ಲ. ಹೊರಗಿನ ಥೆರಪಿಸ್ಟ್ ಜೊತೆ ಒಪ್ಪಂದ ಮಾಡಿಕೊಳ್ಳುವುದು ಡಿಸ್ಟ್ರಿಕ್ಟ್‌ನ ತಲೆನೋವು. ಹಾಗೆಂದು ಥೆರಪಿಸ್ಟ್‌ಗೆ ಜ್ವರ ಬಂದು ಒಂದು ವಾರ ತಪ್ಪಿದ್ದಕ್ಕೆ ದೂರು ಹೊತ್ತುಕೊಂಡು ಹೋಗಬೇಡಿ. 2007ರ ವ್ಯಾನ್ ಡೈನ್ ತೀರ್ಪಿನಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಕೇಳಿದ ಪ್ರಶ್ನೆ ಇದು: ಕೊಟ್ಟದ್ದಕ್ಕೂ ಬರೆದದ್ದಕ್ಕೂ ನಡುವಿನ ಅಂತರ ಕ್ಷುಲ್ಲಕವೋ, ಗಣನೀಯವೋ?

ಇಮೇಲ್‌ಗೆ ಎರಡು-ಮೂರು ವಾರದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಾಜ್ಯದ ಶಿಕ್ಷಣ ಇಲಾಖೆಗೆ ದೂರು ಕೊಡುವುದು. ಇದನ್ನು ಸ್ಟೇಟ್ ಕಂಪ್ಲೇಂಟ್ ಎನ್ನುತ್ತಾರೆ. ಕೊಡದೆ ಉಳಿಸಿದ ಸೇವೆಗೆ ಇದಕ್ಕಿಂತ ಒಳ್ಳೆಯ ಮದ್ದು ಇನ್ನೊಂದಿಲ್ಲ. ಶುಲ್ಕವಿಲ್ಲ, ಕಟಕಟೆಯಿಲ್ಲ, ಸಾಕ್ಷಿ ನಿಲ್ಲಿಸಬೇಕಿಲ್ಲ. ತಪ್ಪು ನಡೆದ ಒಂದು ವರ್ಷದೊಳಗೆ ಕೊಡಬೇಕು. ಡಿಸ್ಟ್ರಿಕ್ಟ್ ಐಡಿಇಎ ಉಲ್ಲಂಘಿಸಿದೆ ಎಂಬ ವಾಕ್ಯ, ಅದಕ್ಕೆ ಆಧಾರವಾದ ಸಂಗತಿಗಳು, ಮಗುವಿನ ಹೆಸರು-ವಿಳಾಸ, ಶಾಲೆಯ ಹೆಸರು, ನೀವು ಕೇಳುವ ಪರಿಹಾರ, ನಿಮ್ಮ ಸಹಿ ಮತ್ತು ಸಂಪರ್ಕ: ಇಷ್ಟು ಇರಲೇಬೇಕು. ಅದೇ ಹೊತ್ತಿಗೆ ಡಿಸ್ಟ್ರಿಕ್ಟ್‌ಗೂ ಪ್ರತಿ ಕಳಿಸಬೇಕು; ಇದನ್ನು ಮರೆತದ್ದಕ್ಕೇ ಸುಮಾರು ದೂರುಗಳು ಮೊದಲ ದಿನವೇ ಮುಗ್ಗರಿಸುತ್ತವೆ. ಇಲಾಖೆ 60 ದಿನದಲ್ಲಿ ಲಿಖಿತ ತೀರ್ಮಾನ ಕೊಡಬೇಕು. ಪರಿಹಾರವಾಗಿ "ನ್ಯಾಯ ಕೊಡಿಸಿ" ಎಂದು ಬರೆದರೆ ಪ್ರಯೋಜನವಿಲ್ಲ. "540 ನಿಮಿಷದ ಸ್ಪೀಚ್ ಥೆರಪಿಯನ್ನು ಈ ಶಾಲಾ ವರ್ಷ ಮುಗಿಯುವ ಮುಂಚೆ, ಈಗಿನ ಸೆಷನ್‌ಗಳ ಮೇಲೆ ಹೆಚ್ಚುವರಿಯಾಗಿ ಕೊಡಬೇಕು" ಎಂದು ಬರೆಯಿರಿ. ಹೀಗೆ ಬಾಕಿ ತೀರಿಸುವುದನ್ನೇ ಇಲ್ಲಿ ಕಾಂಪೆನ್ಸೇಟರಿ ಸರ್ವಿಸ್ ಎನ್ನುವುದು.

ಬರೆದದ್ದೇ ಸಾಲದು, ಅಥವಾ ಮಗುವನ್ನು ಬೇರೆ ತರಗತಿಗೆ ಹಾಕುತ್ತಾರೆ ಎಂಬ ತಕರಾರಿಗೆ ಡ್ಯೂ ಪ್ರಾಸೆಸ್ ವಿಚಾರಣೆ, ಅಂದರೆ ಸ್ವತಂತ್ರ ವಿಚಾರಣಾಧಿಕಾರಿಯ ಮುಂದೆ ಎರಡೂ ಕಡೆಯವರ ವಾದ. ಸುಪ್ರೀಂ ಕೋರ್ಟಿನ 2017ರ ಎಂಡ್ರೂ ಎಫ್. ತೀರ್ಪು ನಿಮ್ಮ ಬೆನ್ನಿಗಿದೆ: ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಐಇಪಿ ರೂಪಿಸಿರಬೇಕು, ನಾಮಕಾವಸ್ತೆಯ ಪ್ರಗತಿ ಸಾಲದು. ದೂರು ಕೊಡುವ ಅವಧಿ ಸಾಮಾನ್ಯವಾಗಿ 2 ವರ್ಷ, ಕೆಲವು ರಾಜ್ಯಗಳಲ್ಲಿ ಬೇರೆ. ದೂರು ಕೊಟ್ಟ 15 ದಿನದಲ್ಲಿ ಡಿಸ್ಟ್ರಿಕ್ಟ್ ಮಾತುಕತೆಗೆ ಕರೆಯಬೇಕು, 30 ದಿನದಲ್ಲಿ ಬಗೆಹರಿಯದಿದ್ದರೆ ವಿಚಾರಣೆ. ಇದರ ದೊಡ್ಡ ಬಲ "ಸ್ಟೇ ಪುಟ್": ವ್ಯಾಜ್ಯ ಮುಗಿಯುವವರೆಗೆ ಮಗು ಈಗಿರುವ ವ್ಯವಸ್ಥೆಯಲ್ಲೇ ಇರುತ್ತದೆ. ಸ್ಟೇಟ್ ಕಂಪ್ಲೇಂಟ್‌ಗೆ ಈ ರಕ್ಷಣೆ ಇಲ್ಲ. ಆದರೆ ವಿಚಾರಣೆಗೆ ಡಿಸ್ಟ್ರಿಕ್ಟ್ ವಕೀಲರನ್ನು ಕರೆತರುತ್ತದೆ. 2005ರ ಶಾಫರ್ ತೀರ್ಪಿನ ಪ್ರಕಾರ ರುಜುವಾತಿನ ಹೊರೆ ದೂರು ಕೊಟ್ಟವರದು. ನ್ಯೂಜೆರ್ಸಿ, ನ್ಯೂಯಾರ್ಕ್ ತಮ್ಮದೇ ಕಾನೂನು ಮಾಡಿ ಅದನ್ನು ಡಿಸ್ಟ್ರಿಕ್ಟ್ ಮೇಲೆ ಹೊರಿಸಿವೆ. ಗೆದ್ದರೆ ವಕೀಲರ ಫೀಸನ್ನು ಕೋರ್ಟು ಕೊಡಿಸಬಹುದು, ತಜ್ಞ ಸಾಕ್ಷಿಯ ಫೀಸನ್ನು ಕೊಡಿಸುವುದಿಲ್ಲ. ಆ ಮೆಟ್ಟಿಲು ಹತ್ತುವ ಮುಂಚೆ ಮೀಡಿಯೇಶನ್ ಕೇಳಿ ನೋಡಿ. ಖರ್ಚು ರಾಜ್ಯದ್ದು, ಆದ ಒಪ್ಪಂದ ಕೋರ್ಟಿನಲ್ಲಿ ಜಾರಿ ಮಾಡಿಸುವಂಥದ್ದು.

ಶಾಲೆಯ ಮೌಲ್ಯಮಾಪನವೇ ತಪ್ಪೆನಿಸಿದರೆ ಡಿಸ್ಟ್ರಿಕ್ಟ್ ಖರ್ಚಿನಲ್ಲಿ ಹೊರಗಿನ ತಜ್ಞರ ಮೌಲ್ಯಮಾಪನ ಕೇಳಬಹುದು. ಡಿಸ್ಟ್ರಿಕ್ಟ್‌ನವರು ದುಡ್ಡು ಕೊಡಬೇಕು, ಇಲ್ಲವೇ ತಮ್ಮದೇ ಸರಿ ಎಂದು ತಾವೇ ವಿಚಾರಣೆಗೆ ಹೋಗಬೇಕು. ಮನೆಯಲ್ಲಿ ಕನ್ನಡವೇ ಆಡುವ ಮಗುವನ್ನು ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಾತು ಹಿಂದಿದೆ ಎಂದರೆ, ಅಥವಾ ಅದಕ್ಕೆ ವಿರುದ್ಧವಾಗಿ ನಿಜವಾದ ತೊಂದರೆಯನ್ನು "ಇಂಗ್ಲಿಷ್ ಹೊಸದು, ಸರಿಹೋಗುತ್ತದೆ" ಎಂದು ತಳ್ಳಿಹಾಕಿದರೆ, ಕೇಳಲು ಇದು ಗಟ್ಟಿ ಕಾರಣ. ಬೆಂಗಳೂರಿನ ನಿಮ್ಹಾನ್ಸ್‌ನದೋ ಮೈಸೂರಿನ ವಾಕ್-ಶ್ರವಣ ಸಂಸ್ಥೆ ಆಯಿಷ್‌ನದೋ ವರದಿ ಇದ್ದರೆ ಕೊಡಿ. ತಂಡ ಅದನ್ನು ಪರಿಶೀಲಿಸಬೇಕು, ಆದರೆ ಆ ಒಂದು ವರದಿಯಿಂದಲೇ ಐಇಪಿ ಸಿಗುವುದಿಲ್ಲ.

ಐಇಪಿ ಇಲ್ಲದೆ ಬರೀ 504 ಪ್ಲ್ಯಾನ್ (ಅಂಗವೈಕಲ್ಯದ ತಾರತಮ್ಯ ತಡೆಯುವ ಕಾನೂನಿನಡಿ ಮಗುವಿಗೆ ಕೊಡುವ ಅನುಕೂಲಗಳ ಯೋಜನೆ) ಇರುವವರು ಮೊದಲು ಡಿಸ್ಟ್ರಿಕ್ಟ್‌ನ 504 ಸಂಯೋಜಕರ ಬಳಿ ಹೋಗಬೇಕು. ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಓಸಿಆರ್‌ಗೆ 180 ದಿನದೊಳಗೆ ದೂರು ಕೊಡಬಹುದು. 2025ರ ಮಾರ್ಚಿನಲ್ಲಿ ಅದರ 12 ಪ್ರಾದೇಶಿಕ ಕಚೇರಿಗಳಲ್ಲಿ 7ನ್ನು ಮುಚ್ಚುವ ತೀರ್ಮಾನವಾದ ಮೇಲೆ ಬೇಗ ಉತ್ತರ ಬರುತ್ತದೆಂಬ ಆಸೆ ಇಟ್ಟುಕೊಳ್ಳಬೇಡಿ.

ಸಿಟ್ಟಿನಲ್ಲಿ ಮಗುವನ್ನು ಖಾಸಗಿ ಶಾಲೆಗೆ ಹಾಕಿ ಆಮೇಲೆ ಬಿಲ್ಲು ಕಳಿಸುವುದು ದುಬಾರಿ ತಪ್ಪು. ಹಾಗೆ ಮಾಡುತ್ತೇವೆಂದು ಕೊನೆಯ ಐಇಪಿ ಸಭೆಯಲ್ಲಿ ಹೇಳಿರಬೇಕು, ಇಲ್ಲವೇ ಬಿಡಿಸುವ 10 ಕೆಲಸದ ದಿನ ಮುಂಚೆ ಬರೆದು ತಿಳಿಸಿರಬೇಕು. ಇಲ್ಲದಿದ್ದರೆ ಮರುಪಾವತಿಗೆ ಕತ್ತರಿ ಬೀಳಬಹುದು.

ಸಹಾಯಕ್ಕೆ ಪ್ರತಿ ರಾಜ್ಯದಲ್ಲೂ ಫೆಡರಲ್ ಹಣದಲ್ಲಿ ನಡೆಯುವ ಪೇರೆಂಟ್ ಟ್ರೈನಿಂಗ್ ಅಂಡ್ ಇನ್ಫರ್ಮೇಶನ್ ಸೆಂಟರ್ ಇದೆ. ದೂರಿನ ಕರಡು ಬರೆಯುವಾಗ ಅಲ್ಲಿಗೆ ಫೋನ್ ಮಾಡಿ, ಪುಕ್ಕಟೆ.

ಪ್ರಾಜೆಕ್ಟ್ ಬದಲಾಗಿ ನಡುವರ್ಷ ಡಲ್ಲಾಸ್‌ನಿಂದ ಸಿಯಾಟಲ್‌ಗೆ ಹೋಗಬೇಕಾಗಿ ಬರುವವರು ನಮ್ಮಲ್ಲಿ ಬಹಳ. ಐಇಪಿ, ಕೊನೆಯ ಮೌಲ್ಯಮಾಪನ, ಸರ್ವಿಸ್ ಲಾಗ್ ಮೂರರ ಪ್ರತಿಯೂ ಮೂವರ್ಸ್ ಲಾರಿಯಲ್ಲಲ್ಲ, ಕೈಚೀಲದಲ್ಲಿರಲಿ. ಹೊಸ ಡಿಸ್ಟ್ರಿಕ್ಟ್ ತನ್ನ ಮೌಲ್ಯಮಾಪನ ಮುಗಿಸಿ ಹೊಸ ಐಇಪಿ ಮಾಡುವವರೆಗೆ ಹಳೆಯದಕ್ಕೆ ಸಮನಾದ ಸೇವೆ ಕೊಡಬೇಕು. ಊರು ಬಿಟ್ಟ ಮೇಲೂ ಹಳೆಯ ಡಿಸ್ಟ್ರಿಕ್ಟ್ ಉಳಿಸಿಕೊಂಡ ನಿಮಿಷಗಳಿಗೆ ಆ ರಾಜ್ಯದ ಇಲಾಖೆಗೆ ದೂರು ಕೊಡಬಹುದು, ವರ್ಷ ತುಂಬಿರಬಾರದು ಅಷ್ಟೇ.