ಹುಂಜದ ಲೆಕ್ಕ

ಮಧುಗಿರಿ ಹತ್ತಿರ ನಮ್ಮ ತೋಟದಲ್ಲಿ ನಾಟಿ ಕೋಳಿ ಸಾಕಿದ್ದೇನೆ. ಸಂತೆಯಿಂದ ಕೋಳಿ ತಂದರೆ ಜೊತೆಗೆ ಕೊಕ್ಕರೆ ರೋಗವೂ ಬರಬಹುದು, ಹಾಗಾಗಿ ಇರೋ ಗುಂಪಿನಲ್ಲೇ ತಳಿ ಮುಂದುವರಿಸುತ್ತೇನೆ. ಗುಂಪು ಚಿಕ್ಕದಾದರೆ ಇಲ್ಲೊಂದು ತೊಂದರೆ ಇದೆ. ಯಾವ ಕೋಳಿ ಉಳಿಯಿತು, ಯಾವುದನ್ನು ಮುಂಗುಸಿ ಹಿಡಿಯಿತು ಅನ್ನೋದರ ಮೇಲೆ ಜೀನುಗಳು ಸುಮ್ನೆ ಹೆಚ್ಚು ಕಮ್ಮಿ ಆಗುತ್ತವೆ, ಕೆಲವು ಕಳೆದೇ ಹೋಗುತ್ತವೆ. ಇದಕ್ಕೇ ಜೆನೆಟಿಕ್ ಡ್ರಿಫ್ಟ್ ಅಂತಾರೆ.

ಇದನ್ನು ಕಣ್ಣಲ್ಲೇ ನೋಡೋಕೆ ಗುಂಪಿನಲ್ಲಿ ಬೋಳು ಕತ್ತಿನ ಕೋಳಿ ಇದ್ದರೆ ಸಾಕು. ಆ ಬೋಳಿಗೆ ಕಾರಣ ಒಂದೇ ಜೀನು. ಹುಂಜ, ಹ್ಯಾಟೆ ಎರಡರಿಂದಲೂ ಬಂದಿದ್ದರೆ ಕತ್ತು ಹೆಚ್ಚುಕಮ್ಮಿ ಪೂರ್ತಿ ಬೋಳು, ಒಂದರಿಂದ ಮಾತ್ರ ಬಂದಿದ್ದರೆ ಕತ್ತಿನ ಮುಂದೆ ಒಂದು ಹಿಡಿ ಪುಕ್ಕ ಉಳಿದಿರುತ್ತದೆ. ಪ್ರತಿ ಪೀಳಿಗೆಯಲ್ಲೂ ಪುಕ್ಕ ಬಲಿತ ಮೇಲೆ ಈ ಜೀನು ಎಷ್ಟಿದೆ ಅಂತ ಎಣಿಸುತ್ತೇನೆ: ಪೂರ್ತಿ ಬೋಳಿಗೆ ಎರಡು, ಅರ್ಧ ಬೋಳಿಗೆ ಒಂದು. ಅಪ್ಪನದೊಂದು, ಅಮ್ಮನದೊಂದು ಅಂತ ಪ್ರತಿ ಕೋಳಿಗೂ ಎರಡು ಜಾಗ, 20 ಕೋಳಿಗೆ 40. 20 ಕೋಳಿಯಲ್ಲಿ ಒಂದು ಪೂರ್ತಿ, ನಾಲ್ಕು ಅರ್ಧ ಇದ್ದರೆ 40ಕ್ಕೆ 6, ಅಂದರೆ ಶೇ. 15. ಇದು ಪೀಳಿಗೆಯಿಂದ ಪೀಳಿಗೆಗೆ ಸುಮ್ನೆ ಏರಿಳಿಯೋದೇ ಡ್ರಿಫ್ಟ್. ಬೋಳು ಕತ್ತಿನವು ಬಿಸಿಲು ಜಾಸ್ತಿ ತಡೆಯುತ್ತವೆ, ಅದೂ ಲೆಕ್ಕಕ್ಕೆ ಬರಬೇಕಲ್ವಾ ಅಂದರೆ, ಹೌದು. ಆದರೆ ಇಷ್ಟು ಚಿಕ್ಕ ಗುಂಪಿನಲ್ಲಿ ಬಿಸಿಲಿಗಿಂತ ಮುಂಗುಸಿಯದೇ ಕಾರುಬಾರು.

1956ರಲ್ಲಿ ಪೀಟರ್ ಬ್ಯೂರಿ ಅನ್ನೋ ವಿಜ್ಞಾನಿ ಹಣ್ಣಿನ ನೊಣಗಳಲ್ಲಿ ಇದನ್ನು ತೋರಿಸಿದ್ದರು. 16 ನೊಣಗಳ 107 ಗುಂಪು, ಎಲ್ಲದರಲ್ಲೂ ಒಂದು ಜೀನಿನ ಎರಡು ರೂಪ ಅರ್ಧರ್ಧ. 19 ಪೀಳಿಗೆ ಆಗೋ ಹೊತ್ತಿಗೆ 30 ಗುಂಪುಗಳಲ್ಲಿ ಒಂದು ರೂಪ ಮಾಯ, 28ರಲ್ಲಿ ಅದೊಂದೇ ರೂಪ ಉಳಿದಿತ್ತು.

ನಮ್ಮ ಕಡೆ ಎಲ್ಲರೂ ಒಂದೇ ಹುಂಜ ಇಡುತ್ತಾರೆ, ಪೆಟ್ಟು ಬೀಳೋದು ಅಲ್ಲೇ. ತಳಿಯ ಲೆಕ್ಕಕ್ಕೆ ಗುಂಪು ನಿಜವಾಗಿ ಎಷ್ಟು ಕೋಳಿಗೆ ಸಮ ಅಂತ ತಿಳಿಯೋಕೆ ಹುಂಜ ಮತ್ತು ಹ್ಯಾಟೆ ಸಂಖ್ಯೆ ಗುಣಿಸಿ, ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಯಿಂದ ಭಾಗಿಸಿ. ಒಂದು ಹುಂಜ, 19 ಹ್ಯಾಟೆ ಇದ್ದರೆ ಬರೋದು 3.8. ಅಂದರೆ 20 ಕೋಳಿಗೆ ಮೇವು ಹಾಕಿದರೂ ತಳಿಯ ಲೆಕ್ಕದಲ್ಲಿ ನಾಲ್ಕೂ ಇಲ್ಲ, ಪೀಳಿಗೆಗೆ ಸುಮಾರು ಶೇ. 13ರಷ್ಟು ವೈವಿಧ್ಯ ಹೋಗುತ್ತದೆ. ನಾಲ್ಕು ಹುಂಜ, 16 ಹ್ಯಾಟೆ ಇಟ್ಟರೆ 12.8, ನಷ್ಟ ಶೇ. 4ರ ಆಸುಪಾಸು. ಮೇವಿನ ಖರ್ಚು ಎರಡಕ್ಕೂ ಒಂದೇ.

ನಾಲ್ಕು ಹುಂಜ ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆ, ಗೆದ್ದದ್ದೇ ಎಲ್ಲಕ್ಕೂ ಅಪ್ಪ. ಅದಕ್ಕೆ ನಾಲ್ಕು ಗೂಡು ಮಾಡಿ, ಗೂಡಿಗೊಂದು ಹುಂಜ, ನಾಲ್ಕು ಹ್ಯಾಟೆ ಇಟ್ಟಿದ್ದೇನೆ. ಹೆಣ್ಣು ಪಿಳ್ಳೆ ಹುಟ್ಟಿದ ಗೂಡಲ್ಲೇ, ಗಂಡು ಪಿಳ್ಳೆ ಪಕ್ಕದ ಗೂಡಿಗೆ. ಕಾಲಿಗೆ ಗೂಡಿಗೊಂದು ಬಣ್ಣದ ರಿಂಗ್. ವರ್ಷದ ತೊಡಕಿಗೆ ಹುಂಜಕ್ಕೆ ಒಳ್ಳೆ ರೇಟು, ಮನೆಯವರಿಗೆ ಆಗ ಎಲ್ಲಾ ಮಾರುವ ಅವಸರ. ಪ್ರತಿ ಬಣ್ಣದಲ್ಲೂ ಒಂದು ಎತ್ತಿಟ್ಟು, ಇನ್ನೊಂದನ್ನು ಮುಂಗುಸಿ ಲೆಕ್ಕಕ್ಕೆ ಇಟ್ಟ ಮೇಲೇ ಮಿಕ್ಕವನ್ನು ಕೊಡುತ್ತೇನೆ.