ಆರ್ಡುಯಿನೋ ಬೋರ್ಡಿಗೆ ಅಪಾಯವಾಗದಂತೆ ಸಣ್ಣ ಮೋಟರ್ ಓಡಿಸುವುದು ಹೇಗೆ?

ಎಲ್‌ಇಡಿ ಬೆಳಗಿಸಿದ ಪಿನ್ನಿನಿಂದಲೇ ಮೋಟರನ್ನೂ ಓಡಿಸಬಹುದೆಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡಾದ ಆರ್ಡುಯಿನೋ ಯೂನೋದ ಎಟಿಮೆಗಾ328ಪಿ ಚಿಪ್ಪಿನ ಒಂದು ಪಿನ್ನಿಗೆ 40 ಮಿಲಿಆಂಪಿಯರ್ ಎಂಬುದು ದಾಟಲೇಬಾರದ ಗಡಿ. 20ರೊಳಗೆ ಇಟ್ಟುಕೊಳ್ಳುವುದು ಕ್ಷೇಮ. ಆಟಿಕೆಯ ಪುಟ್ಟ ಡಿಸಿ ಮೋಟರ್ ಕೂಡ ಇದಕ್ಕಿಂತ ಬಹಳ ಹೆಚ್ಚು ಕರೆಂಟ್ ಎಳೆಯುತ್ತದೆ. ಹೊರಡುವಾಗ ಅಥವಾ ಚಕ್ರ ಸಿಕ್ಕಿಕೊಂಡಾಗ ಅದು ಹಲವು ಪಟ್ಟು ಏರುತ್ತದೆ. ಆದ್ದರಿಂದ ಪಿನ್ ಸಂಕೇತವನ್ನಷ್ಟೇ ಕೊಡಬೇಕು, ಮೋಟರಿನ ಕರೆಂಟ್ ಬೇರೆ ಬ್ಯಾಟರಿಯಿಂದ ಬರಬೇಕು.

ಇವೆರಡರ ನಡುವೆ ಸ್ವಿಚ್ಚಾಗಿ ಐಆರ್‌ಎಲ್‌ಝಡ್44ಎನ್ ಮಾಸ್ಫೆಟ್ ಬಳಸಬಹುದು. ಮಾಸ್ಫೆಟ್ ಎಂದರೆ ಮೂರು ಕಾಲಿನ ಟ್ರಾನ್ಸಿಸ್ಟರ್: ಗೇಟ್ ಎಂಬ ಕಾಲಿಗೆ ವೋಲ್ಟೇಜ್ ಕೊಟ್ಟರೆ ಡ್ರೇನ್ ಮತ್ತು ಸೋರ್ಸ್ ಎಂಬ ಉಳಿದೆರಡರ ನಡುವೆ ಕರೆಂಟಿಗೆ ದಾರಿ ತೆರೆಯುತ್ತದೆ. ನೋಡಲು ಹಾಗೆಯೇ ಇರುವ ಐಆರ್‌ಎಫ್540 ಪೂರ್ತಿ ತೆರೆದುಕೊಳ್ಳಲು ಗೇಟಿಗೆ ಸುಮಾರು 10 ವೋಲ್ಟ್ ಬೇಕಾಗುವುದರಿಂದ, 5 ವೋಲ್ಟಿನ ಬೋರ್ಡಿಗೆ ಅದು ತಕ್ಕುದಲ್ಲ.

ಮೊದಲು ಬ್ಯಾಟರಿಯನ್ನು ಬಿಚ್ಚಿಡಿ. ಬೋರ್ಡಿನ 9ನೇ ಪಿನ್ನಿನಿಂದ 220 ಓಮ್ ರೆಸಿಸ್ಟರ್ ಮೂಲಕ ಗೇಟಿಗೆ ತಂತಿ ಎಳೆಯಿರಿ. ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಇದಿಲ್ಲದಿದ್ದರೆ ಬೋರ್ಡ್ ಚಾಲೂ ಆಗುವ ಹೊತ್ತಿನಲ್ಲಿ ಮೋಟರ್ ತನ್ನಿಷ್ಟಕ್ಕೆ ತಿರುಗಬಹುದು. ಮೋಟರಿನ ಒಂದು ತುದಿ ಡ್ರೇನಿಗೆ, ಇನ್ನೊಂದು ಬ್ಯಾಟರಿಯ ಧನ ತುದಿಗೆ. ಸೋರ್ಸ್, ಬ್ಯಾಟರಿಯ ಋಣ ತುದಿ ಮತ್ತು ಬೋರ್ಡಿನ ಗ್ರೌಂಡ್ ಮೂರೂ ಒಂದೇ ಕಡೆ ಸೇರಬೇಕು. ಹೊಸಬರು ಮರೆಯುವುದು ಹೆಚ್ಚಾಗಿ ಈ ಗ್ರೌಂಡ್ ತಂತಿಯನ್ನೇ.

ಇನ್ನು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್. ಮೋಟರಿನ ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟನ್ನು ಮಾಸ್ಫೆಟ್ ಥಟ್ಟನೆ ತಡೆದಾಗ, ಅದು ಹರಿಯುತ್ತಲೇ ಇರಲು ಹವಣಿಸಿ ಡ್ರೇನಿನಲ್ಲಿ ಬ್ಯಾಟರಿಗಿಂತ ಎಷ್ಟೋ ಹೆಚ್ಚಿನ ವೋಲ್ಟೇಜನ್ನು ಎಬ್ಬಿಸುತ್ತದೆ. ಮೋಟರಿನ ಎರಡು ತುದಿಗಳ ನಡುವೆ 1ಎನ್5819 ಡಯೋಡ್ ಹಾಕಿದರೆ ಆ ಕರೆಂಟ್ ಅಲ್ಲೇ ಸುತ್ತಿ ಇಳಿದುಹೋಗುತ್ತದೆ. ಡಯೋಡಿನ ಪಟ್ಟಿಯಿರುವ ಬದಿ ಬ್ಯಾಟರಿಯ ಧನ ತುದಿಯ ಕಡೆಗಿರಲಿ; ತಿರುಗುಮುರುಗಾದರೆ ಮಾಸ್ಫೆಟ್ ತೆರೆದೊಡನೆ ಬ್ಯಾಟರಿ ಶಾರ್ಟ್ ಆಗುತ್ತದೆ. ಬ್ರಷ್ಷುಗಳ ಕಿಡಿಯಿಂದ ಬೋರ್ಡ್ ಆಗಾಗ ರೀಸೆಟ್ ಆಗುತ್ತಿದ್ದರೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರನ್ನು ಮೋಟರಿನ ತುದಿಗಳಿಗೇ ಬೆಸುಗೆ ಹಾಕಿ.

ಈ ಸರ್ಕ್ಯೂಟ್ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹಿಂದೆ ಮುಂದೆ ಎರಡೂ ಬೇಕಿದ್ದರೆ ಮೋಟರಿನಲ್ಲಿ ಕರೆಂಟಿನ ದಿಕ್ಕನ್ನು ಬದಲಿಸಬಲ್ಲ ಎಚ್-ಬ್ರಿಡ್ಜ್ ಎಂಬ ಸರ್ಕ್ಯೂಟ್ ಬೇಕು.

ವೇಗವನ್ನು ಪ್ರೋಗ್ರಾಮಿನ ಅನಲಾಗ್‌ರೈಟ್ ಆದೇಶದಿಂದ 0ಯಿಂದ 255ರವರೆಗೆ ಬದಲಿಸಬಹುದು. ತೀರಾ ಕಡಿಮೆ ಸಂಖ್ಯೆಯಲ್ಲಿ ಮೋಟರ್ ತಿರುಗದೆ ಬರೀ ಗುಂಯ್‌ಗುಡುತ್ತದೆ. ಹಾಗೆಯೇ ಬಿಟ್ಟರೆ ಸುರುಳಿ ಬಿಸಿಯಾಗುವುದರಿಂದ ಮೊದಲು ಹೆಚ್ಚಿನ ಸಂಖ್ಯೆಯಲ್ಲಿ ಹೊರಡಿಸಿ, ಓಟ ಹಿಡಿದ ಮೇಲೆ ಇಳಿಸಿ.